ಪೆಟ್ಟಿಗೆ ಪಕ್ಕದ ಜಾಗ

ಇಲ್ಲ ಪೆರ್ಲಕ್ಕ, ಆಗಲ್ಲ. ಬೇರೆ ಏನು ಬೇಕಾದ್ರೂ ಕೇಳಿ... ನಮ್ಮೂರ ಅಕ್ಕಿ ಕೇಕು, ಬಿಬಿಂಕಾ ಕೊಟ್ಟು ಒಲಿಸ್ತೀರಾ? ಕೂತ್ಕೊಳ್ಳಿ, ಅಳಬೇಡಿ. ನಿಮ್ಮಮ್ಮ ಹೋದ್ರು ಅಂತ ಕೇಳಿ ನಂಗೂ ಊಟ ಸೇರಲಿಲ್ಲ. ಆದ್ರೆ ಇಲ್ಲಿರೋ ನಿಮ್ಮನ್ನ ಫಿಲಿಪೀನ್ಸ್‌ನಲ್ಲಿರೋ ಶವಪೆಟ್ಟಿಗೆ ಪಕ್ಕ ನಿಲ್ಲಿಸೋದು... ಅದು ಸುಳ್ಳು ಫೋಟೋ ಅಲ್ವಾ?

ನೋಡ್ದೆ, ನೋಡ್ದೆ. ನಿಮ್ಮ ತಮ್ಮ ಚೆನ್ನಾಗೇ ತೆಗೆದು ಕಳಿಸಿದಾನೆ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಎಲ್ಲರೂ ಬಿಳಿ ಬಟ್ಟೇಲಿ. ಎಡಗಡೆ ನಿಮಗೆ ಅಂತ ಜಾಗಾನೂ ಬಿಟ್ಟಿದಾರೆ! ಹೌದು, ನಮ್ಮೂರು ಇಲೊಯಿಲೊದಲ್ಲೂ ಹಾಗೇ. ಪೆಟ್ಟಿಗೆ ಸುತ್ತ ನಿಂತು ತೆಗೆಸಿದ ಫೋಟೋದಲ್ಲಿ ಇಲ್ಲದವನು ಮಗನೇ ಅಲ್ಲ ಅಂತಾರೆ. ಗೊತ್ತು ನಂಗೆ.

ಹೋಗಿಬನ್ನಿ ಅಂತ ನಾನೆಲ್ಲಿ ಹೇಳ್ದೆ? ಕಾಗದಪತ್ರ ಇಲ್ಲದವಳು ವಿಮಾನ ಹತ್ತಿದ್ರೆ ಮತ್ತೆ ನ್ಯೂಯಾರ್ಕ್ ಕಾಣಲ್ಲ. ಮಗಳ ಕಾಲೇಜಿಗೆ ದುಡ್ಡು ಕಳಿಸೋರು ಯಾರು? ಹದಿನಾರು ವರ್ಷದಿಂದ ಇಲ್ಲಿ ವುಡ್‌ಸೈಡ್‌ನಲ್ಲಿ ನಿಮ್ಮಂಥವರ ಫೋಟೋನೇ ತೆಗೀತಿದೀನಿ. ಶನಿವಾರ ಪ್ರದರ್ಶನ. ಊರಿಗೆ ಹೋಗಲಾರದವರು ಇಪ್ಪತ್ತು ಜನ, ಕೊನೇಲಿ ಹೋಗಿಬಂದ ನಾನೊಬ್ಬ. ಅದೇ, ಆ ಗೋಡೆ ಮೇಲಿರೋದು. ನಮ್ಮಮ್ಮನ ಪೆಟ್ಟಿಗೆ, ಪಕ್ಕದಲ್ಲಿ ನಾನು. ಅದಕ್ಕೇ ಹೇಳಿದ್ದು, ಇಂಥ ಸುಳ್ಳಿಗೆ ಕೈ ಹಾಕಿದ್ರೆ ನಾಳೆ ನನ್ನನ್ನ ಯಾರು ನಂಬ್ತಾರೆ?

ಅದನ್ನ ನೋಡಿ ಯಾಕೆ ನಗ್ತೀರಿ?

ಅಷ್ಟು ಹತ್ತಿರ ಹೋಗಬೇಡಿ. ಚೌಕಟ್ಟಿನ ಬಣ್ಣ ಇನ್ನೂ ಹಸಿ... ಮುಖ ಬಿಳುಚಿಕೊಂಡಿದೆ ಅಂತೀರಾ? ಅವತ್ತು ನಿದ್ದೆ ಎಲ್ಲಿತ್ತು! ಅಲ್ಲಾ, ಅದೇನು ನೋಡ್ತಿದೀರಿ? ಅದು ಪೆಟ್ಟಿಗೆ ಮೇಲಿನ ಗಾಜು ಅಷ್ಟೇ. ಸುತ್ತ ನಿಂತವರ ಮುಖ ಅದರಲ್ಲಿ ಮೂಡುತ್ತೆ. ಇವನು ನಮ್ಮಣ್ಣ. ಇವಳು ತಂಗಿ. ಇದು ಚಿಕ್ಕಮ್ಮ. ಇದು...

ಎಣಿಸಬೇಡಿ, ಅಕ್ಕ.

ಮೂರು ತಿಂಗಳಿಂದ ನೋಡ್ತಾನೇ ಇದೀನಿ... ಗಾಜಿನಲ್ಲಿ ನನ್ನ ಮುಖ ಇಲ್ಲದ್ದು ನಂಗೇ ಕಾಣಲಿಲ್ಲ.

'ಥೂ ನೆಸ್ಟರ್' ಅಂತ ಉಗೀರಿ. ಶನಿವಾರ ಎಲ್ಲರ ಮುಂದೆ ಬೇಕಾದ್ರೂ ಹೇಳಿ.

ಇದೇ ಕೋಣೇಲಿ, ಅಕ್ಕ. ಆ ಕಿಟಕಿ ಹತ್ತಿರ. ಎರವಲು ತಂದ ಬಿಳಿ ಅಂಗಿ. ಅಲ್ಲಿ ಮಣ್ಣು ಮಾಡ್ತಿದ್ರು, ನಾನಿಲ್ಲಿ ತಲೆ ತಗ್ಗಿಸಿ ನಿಂತು, ನನ್ನ ಫೋಟೋ ನಾನೇ...

ಬನ್ನಿ. ಕೋಟು ತೆಗೆದಿಡಿ, ಊರಲ್ಲಿ ಸೆಖೆ ಇರುತ್ತೆ. ಇಲ್ಲಿ ನಿಲ್ಲಿ. ತಲೆ ಇನ್ನೊಂಚೂರು ಕೆಳಗೆ, ಅಮ್ಮನ ಮುಖ ನೋಡೋ ಹಾಗೆ.

ನಿಮ್ಮನ್ನ ಗಾಜಿನಲ್ಲೂ ನಿಲ್ಲಿಸ್ತೀನಿ.