ಸಾಯುವ ಪಾತ್ರದ ಹೊಳೆಯಪ್ಪ

ಮಧ್ಯಾಹ್ನದಿಂದಲೂ ಕಪ್ಪಿಟ್ಟುಕೊಂಡಿದ್ದ ಮೋಡ ಸಂಜೆಯ ಹೊತ್ತಿಗೆ ಧಾರವಾಡದ ಮೇಲೆ ಒಮ್ಮೆಲೇ ಕಡಿದು ಬಿದ್ದಂತೆ ಸುರಿಯತೊಡಗಿದಾಗ, ತಗಡಿನ ಛಾವಣಿಯ ಆ ಹಾಲಿನಲ್ಲಿ ನಾಟಕದ ತಾಲೀಮು ನಡೆಸುವುದು ಸಾಧ್ಯವೇ ಇರಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಕರೆಂಟೂ ಹೋಯಿತು. ಹುಡುಗ ಹುಡುಗಿಯರು ಜಮಖಾನೆ ಎಳೆದುಕೊಂಡು ಮೈಮುನಾಬಾಯಿಯವರ ಕುರ್ಚಿಯ ಸುತ್ತ ಕೂತರು. ಕಂಪನಿ ನಾಟಕಗಳಲ್ಲಿ ಆಯುಷ್ಯ ಸವೆಸಿದ ಆಕೆ ಈಗ ಈ ಕಾಲೇಜು ಮಕ್ಕಳಿಗೆ ಮಾತು ತಿದ್ದಲು ಬರುತ್ತಿದ್ದರು.

ಮಳೆ ತುಸು ಇಳಿದಾಗ ಋತುಜಾ ಎಂಬ ಹುಡುಗಿ ಕೇಳಿದಳು. “ಅಮ್ಮಾರ, ಸಾಯೂ ಸೀನ್ ನಂಗ ಬರವಲ್ದು. ಹ್ಯಾಂಗ್ ಮಾಡ್ಬೇಕ್ರಿ?”

“ಬೀಳೂದು ಕಲಸ್ತೇನವಾ, ಅದೇನ್ ಕಷ್ಟಿಲ್ಲ. ಬಿದ್ದ ಮ್ಯಾಲೆ ಏಳೂದೈತಲ್ಲ... ಅದು ಕಷ್ಟ.” ಆಕೆ ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡರು. “ನಿಮಗ ಯಾರೂ ಹೊಳೆಯಪ್ಪಂದು ಹೇಳಿಲ್ಲೇನು?”

ಯಾರೂ ಹೇಳಿರಲಿಲ್ಲ. ಅಂದು ಆಕೆ ಹೇಳಿದ್ದು ಇದು.

ಹೊಳೆಯಪ್ಪ ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯವನು. ಹುಬ್ಬಳ್ಳಿಗೆ ಕಂಪನಿ ಬಂದಾಗ ನಾಟಕ ನೋಡಲು ಹೋದವನು ಊರಿಗೆ ಮರಳಲಿಲ್ಲ. ರಾಜನ ಪಾತ್ರ ಕಟ್ಟಬೇಕೆಂಬ ಆಸೆಯಿತ್ತು, ಅದಕ್ಕೆ ಬೇಕಾದ ಕಂಠವೂ ಇತ್ತು. ಆದರೆ ತಂದೆಯ ಪಾತ್ರದ ಮುದುಕ ಜ್ವರ ಬಂದು ಮಲಗಿದ ದಿನ ಮಾಲೀಕರು ಇವನ ಕೆನ್ನೆಗೆ ಬಿಳಿ ಗಡ್ಡ ಅಂಟಿಸಿದರು. ಮಗಳ ಮದುವೆ ನೋಡದೆ ಎದೆ ಹಿಡಿದುಕೊಂಡು ಸಾಯುವ ಅಪ್ಪ. ಇನ್ನೂ ಮೀಸೆ ಬಲಿಯದ ಹುಡುಗ ಎಷ್ಟು ಚೆನ್ನಾಗಿ ಸತ್ತನೆಂದರೆ ಹೆಂಗಸರ ಸಾಲಿನಲ್ಲಿ ಗೋಳೋ ಎಂದು ಅಳು ಎದ್ದಿತು. ಅಲ್ಲಿಗೆ ಅವನ ಹಣೆಬರಹ ಬರೆದಾಯಿತು. ಅಷ್ಟು ಚಂದ ಸಾಯುವವನಿಗೆ ಬದುಕುವ ಪಾತ್ರ ಯಾರು ಕೊಡುತ್ತಾರೆ?

“ನಾ ಅಂವನ ಮಗಳಾಗ್ತಿದ್ದೆ,” ಎಂದರು ಮೈಮುನಾಬಾಯಿ. “ಖರೇ ನೋಡಿದ್ರ ನಾ ಅಂವಗಿಂತ ದೊಡ್ಡಾಕಿ. ದಿನಾ ಅಂವನ ಎದಿ ಮ್ಯಾಲೆ ಬಿದ್ದು ಅಳಾಕಿ. ಅಂವ ಕಣ್ಣ ಮುಚ್ಚಿಕೊಂಡ ಸಣ್ಣಗ ಕೇಳಾಂವ, ಪರದೆ ಬಿತ್ತೇನ್ರಿ ಅಂತ. ಬಿತ್ತಪಾ, ಏಳು ಅಂದ್ರನ ಏಳಾಂವ. ನಾ ಹೇಳೂತನಕಾ ಉಸಿರ ಬಿಡ್ತಿರಲಿಲ್ಲ...”

ಆಮೇಲೆ ಸಿನಿಮಾದವರು ಕರೆದರು. ಬಡ ಮಾಸ್ತರ, ಗುಡಿಯ ಪೂಜಾರಿ, ನಾಯಕಿಯ ತಂದೆ. ವೇಷ ಬೇರೆ ಬೇರೆ, ಗತಿ ಒಂದೇ. ಗುಂಡು ತಿಂದು ಸತ್ತ, ಅವಮಾನದಿಂದ ಸತ್ತ, ಪ್ರವಾಹದಲ್ಲಿ ಕೊಚ್ಚಿಹೋದ. ಕೆಲವು ಚಿತ್ರಗಳಲ್ಲಿ ಕತೆ ಶುರುವಾಗುವ ಮೊದಲೇ ಸತ್ತು, ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಮಾತ್ರ ಆಗಿರುತ್ತಿದ್ದ. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಜನ ಗುರುತು ಹಿಡಿದು, “ಸಾಯ್ತೀರಲ್ಲ, ನೀವ ಅಲ್ರಿ ಅವ್ರು?” ಎಂದು ಕೇಳುತ್ತಿದ್ದರು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಹೆಂಡತಿ ಚನ್ನಬಸವ್ವ ಅವನ ಒಂದು ಸಿನಿಮಾವನ್ನೂ ಕೊನೆಯವರೆಗೆ ನೋಡಲಿಲ್ಲ. ಅವನು ಕೆಮ್ಮಲು ಶುರುಮಾಡಿದರೆ ಸಾಕು, ಎದ್ದು ಹೊರಗೆ ಹೋಗುತ್ತಿದ್ದಳು.

ಮಂಡಿ ಸವೆದ ಮೇಲೆ ಅವನು ಧಾರವಾಡಕ್ಕೆ ಬಂದು ಮನೆ ಮಾಡಿದ. ಅಲ್ಲಿಗೂ ಕೆಲಸ ಹುಡುಕಿಕೊಂಡು ಬಂತು. ಊರಂಚಿನ ಹಳೆಯ ವಾಡೆಯೊಂದರಲ್ಲಿ, ಕೋಟೆಯಂಥ ದೊಡ್ಡ ಮನೆಯಲ್ಲಿ, ಟಿವಿ ಧಾರಾವಾಹಿ ತೆಗೆಯುತ್ತಿದ್ದರು. ಅದರಲ್ಲಿ ಇವನು ಅಜ್ಜ. ಮುಂಜಾನೆ ಗಾಡಿ ಬರುವುದು, ಗಡ್ಡದ ಅಂಟಿಗೆ ಕೆನ್ನೆ ಉರಿಯುವುದು, ದೀಪಗಳ ಕಾವಿನಲ್ಲಿ ದಿನವಿಡೀ ಕೂರುವುದು, ಸಂಜೆ ಮನೆಗೆ ಬಂದು ಮಾತೇ ಆಡದೆ ಮಲಗುವುದು... ಹೀಗೇ ವರ್ಷಗಳು ಹೋದವು. ಒಂದು ದಿನ ಅವನು ನಿರ್ದೇಶಕರ ಮುಂದೆ ಕೈಮುಗಿದ.

“ಸರ, ಈ ಅಜ್ಜನ್ನ ಸಾಯಿಸಿಬಿಡ್ರಿ. ಭಾಳ ದಣದೇನಿ.”

ಬೆಂಗಳೂರಿನ ಆ ನಿರ್ದೇಶಕರು ನಕ್ಕರು. “ಜನ ನೋಡ್ತಿರೋದೇ ನಿಮ್ಮನ್ನ ಹೊಳೆಯಪ್ಪನೋರೆ. ಈಗ ಹೇಗೆ ಸಾಯಿಸ್ಲಿ?”

ಜೀವಮಾನವೆಲ್ಲ ಅವನನ್ನು ಸಾಯಿಸಿದವರು, ಅವನಾಗಿಯೇ ಸಾವು ಬೇಡಿದಾಗ ಕೊಡಲಿಲ್ಲ.

ಒಂದು ಮುಂಜಾನೆ ಚಹಾ ಕುಡಿದು, ಗಾಡಿಯ ದಾರಿ ಕಾಯುತ್ತ ಪಡಸಾಲೆಯ ಕುರ್ಚಿಯಲ್ಲಿ ಕೂತ ಹೊಳೆಯಪ್ಪ ಕೂತಲ್ಲೇ ತಲೆ ವಾಲಿಸಿದ. ಚನ್ನಬಸವ್ವ ಬಂದು ಮುಟ್ಟಿದಾಗ ಮೈ ತಣ್ಣಗಾಗಿತ್ತು. ಓಣಿಯ ಜನ ಕೂಡಿತು. ಅದೇ ಊರಲ್ಲಿದ್ದ ಮೈಮುನಾಬಾಯಿಯೂ ಓಡಿಬಂದರು. ಮಧ್ಯಾಹ್ನ, ಗಾಡಿ ಬರಲೇ ಇಲ್ಲವಲ್ಲ ಎಂದು ಯಾರೋ ನೆನಪು ಮಾಡಿದ ಮೇಲೆ, ನಿರ್ದೇಶಕರಿಗೆ ಫೋನು ಹಚ್ಚಿದ್ದು ಆಕೆಯೇ.

“ಹೊಳೆಯಪ್ಪ ತೀರಿಕೊಂಡ್ರಿ ಅಂದೆ. ಅವರು ಸಿಟ್ಟಿಗೆದ್ದರು. ಏನ್ ಮಾತಾಡ್ತೀರಮ್ಮ, ಇಲ್ಲೇ ಕೂತಿದಾರೆ, ಬೆಳಿಗ್ಗೆಯಿಂದ ಮೂರು ಸೀನ್ ಮುಗಿಸಿದ್ರು ಅಂದರು.” ಮೈಮುನಾಬಾಯಿ ಸುತ್ತಲಿನ ಮುಖಗಳನ್ನು ನೋಡಿದರು. “ಹೆಣ ನನ್ನ ಮುಂದ ಐತಿ... ವಿಭೂತಿ ಹಚ್ಚಿ ಕುಂಡ್ರಿಸ್ಯಾರ. ಏನ್ ಹೇಳ್ಲಿ ನಾ?”

ಪಕ್ಕದಲ್ಲಿದ್ದ ಚನ್ನಬಸವ್ವನಿಗೆ ಆ ಮಾತು ಕೇಳಿಸಿತ್ತು. ಆಕೆ ಕಣ್ಣೊರೆಸಿಕೊಂಡು ಎದ್ದಳು. “ನಡೀರಿ ಅಕ್ಕಾ,” ಎಂದಳು, ಅಷ್ಟೇ. ಇಬ್ಬರೂ ಆಟೊ ಹಿಡಿದು ವಾಡೆಗೆ ಹೋದರು.

ಅಲ್ಲಿ ಅಷ್ಟೂ ಜನ ಗೋಡೆಗೆ ಆತು ನಿಂತಿದ್ದರು. ಫೋನಿನಲ್ಲಿ ಸಿಟ್ಟಾಗಿದ್ದ ನಿರ್ದೇಶಕರೂ ಸುದ್ದಿ ನಿಜವೆಂದು ತಿಳಿದು ಅವರೊಳಗೇ ಇದ್ದರು. ನಡುಮನೆಯಲ್ಲಿ, ದೀಪಗಳ ಬೆಳಕಿನಲ್ಲಿ, ಬಿಳಿ ಗಡ್ಡ ಹಚ್ಚಿಕೊಂಡ ಹೊಳೆಯಪ್ಪ ಕೂತಿದ್ದ. ಹೆದರಿಕೆ ಹುಟ್ಟಿಸುವಂಥದ್ದು ಆ ಮುಖದಲ್ಲಿ ಏನೂ ಇರಲಿಲ್ಲ. ದಣಿವು ಮಾತ್ರ ಇತ್ತು. ಮುಂದಿನ ಶಾಟಿಗೆ ಕಾಯುವವನ ಹಾಗೆ ಅಂಗೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡಿದ್ದ.

ಚನ್ನಬಸವ್ವ ಹತ್ತಿರ ಹೋದಳು. “ನೀವು ಮುಂಜಾನೆನ ಸತ್ತೀರಿ,” ಎಂದಳು.

“ಹೌದಲ್ಲ,” ಎಂದ ಅವನು. “ದಿನಾ ಸಾಯ್ತೇನಿ. ಅದ ನನ್ನ ಕೆಲಸ.”

ಆಕೆಗೆ ಅಳು ಒತ್ತರಿಸಿ ಬಂತು. ಇದನ್ನು ಅವನಿಗೆ ಹೇಗೆ ತಿಳಿಸುವುದು? ಸಾವೇ ಕಸುಬಾದವನಿಗೆ ಯಾವ ಸಾವು ಕೊನೆಯದೆಂದು ಗೊತ್ತಾಗುವುದಾದರೂ ಹೇಗೆ? ಅವನ ಕಿವಿಯ ಬಳಿ ಬಗ್ಗಿ, ಸಣ್ಣ ದನಿಯಲ್ಲಿ ಹೇಳಿದಳು. “ಇವತ್ತಿಂದು ಮುಗೀತ್ರಿ. ಮನಿಗೆ ನಡೀರಿ.”

“ಮುಗೀತಾ? ಯಾರೂ ಹೇಳಲೇ ಇಲ್ಲ ನನಗ...”

ಉದ್ದಕ್ಕೆ ಉಸಿರು ಬಿಟ್ಟು, ಮಂಡಿಗೆ ಕೈ ಊರಿ ಎದ್ದ. ಯಾರೋ ಗಾಬರಿಯಿಂದ ದೀಪ ಆರಿಸಿದರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

“ಮನಿಗೆ ನಡೀರಿ ಅಂದಿದ್ಲಲ್ಲ,” ಎಂದರು ಮೈಮುನಾಬಾಯಿ, “ಮನಿಗೇ ಬಂದ. ಮಣ್ಣು ಕೊಟ್ಟು ಬಂದ ಮರುದಿನ ಮುಂಜಾನೆ ಪಡಸಾಲಿ ಕುರ್ಚಿ ಕಿರ್ ಅಂತು. ಗಾಡಿ ಕಾಯಾಕತ್ತಾನ... ಹಗಲೆಲ್ಲಾ ಕೆಮ್ಮು, ಗುಣುಗುಣು ಮಾತು. ಇವತ್ತಿಂದು ಮುಗೀತು ಅಂತ ಚನ್ನಬಸವ್ವ ದೀಪ ಹಚ್ಚೂ ಹೊತ್ತಿಗೆ ಹೇಳಬೇಕು. ಆವಾಗ ಒಂದ್ ಉಸಿರು ಬಿಡೂ ಸಪ್ಪಳಾ, ಆಮ್ಯಾಲೆ ಸುಮ್ಮನ. ಮರುದಿನಾ ಮತ್ತ ಮರೀತಾನ. ಒಂದ್ ಸಲ ಆಕಿ ಗಂಡನೂರು ಸುಳ್ಳಕ್ಕ ಮದಿವಿಗೆ ಹೋಗಿ ಉಳಿದ್ಲು. ಬೆಳತನಕಾ ಅಂವ ಸಾಯೂದು ಓಣಿ ತುಂಬ ಕೇಳಿತು. ಮ್ಯಾಲಿಂದ ಮ್ಯಾಲೆ, ಮ್ಯಾಲಿಂದ ಮ್ಯಾಲೆ... ಅಂದಿನಿಂದ ಆಕಿ ಎಲ್ಲಿಗೂ ಹೋಗಲಿಲ್ಲ. ತನ್ನ ತವರಮನಿಗೂ ಹೋಗಲಿಲ್ಲ. ಮೊನ್ನೆ ಯುಗಾದಿ ಮುಂದ ಆಕಿನೂ ತೀರಿಕೊಂಡ್ಲು.”

ಮೈಮುನಾಬಾಯಿ ಕುರ್ಚಿಯ ಕೈ ಹಿಡಿದು ನಿಧಾನ ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡರು.

“ಇಷ್ಟ್ ಲಗೂ ಎಲ್ಲಿಗ್ರಿ ಅಮ್ಮಾರ?” ಎಂದಳು ಋತುಜಾ.

“ಎರಡ್ ಓಣಿ ದಾಟಿದ್ರ ಅಂವನ ಮನಿ ಬಂತವಾ. ಈಗ ದಿನಾ ನಾನ ಹೋಗಿ ಹೇಳಿ ಬರಾಕತ್ತೇನಿ.” ಬಾಗಿಲವರೆಗೆ ಹೋಗಿ ಆಕೆ ಹಿಂದಿರುಗಿ ನೋಡಿದರು. “ನನ್ನ ಕಾಲೂ ಸೋತಾವು... ನಿಮ್ಮೊಳಗ ಯಾರರ ಒಬ್ರು ಬರ್ರಿ. ನಾ ಇರೂದ್ರಾಗ ಅಂವಗ ನಿಮ್ಮ ದನಿ ಗುರ್ತ ಆಗ್ಲಿ.”