ನಾಲ್ಕನೇ ಪ್ಲಾಟ್‌ಫಾರ್ಮಿಗೆ ಬರಲಿದೆ

ಅಲ್ಲ, ಇದಕ್ಕೆ ಚಹಾ ಅಂತಾರಾ? ನೋಡಿಲ್ಲಿ ಗುಬ್ಬಿ, ಲೋಟದ ತಳ ಕಾಣ್ತಿದೆ! ಪಾತ್ರೆ ತೊಳೆದ ನೀರು ಕಣೇ ಇದು. ಅದನ್ನ ಕೊಡೋನು ಬೇರೆ ಟೈ ಕಟ್ಕೊಂಡು, ಬಗ್ಗಿ, ಹಲ್ಲು ಕಿರಿದು... ಅಯ್ಯೋ, ನೀನು ಕುಡೀತಾನೇ ಇದೀಯಲ್ಲ! ಕುಡಿ, ಕುಡಿ. ನಿನಗೆ ಏನು ಕೊಟ್ಟರೂ ಆಗುತ್ತೆ. ಅಕ್ಕ ಒಬ್ಬಳೇ ತಕರಾರಿನವಳು.

ಮೂವತ್ಮೂರು ವರ್ಷ ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತು ರೈಲು ಕೂಗಿದವಳು ನಾನು. ರಿಟೈರ್ ಆಗಿ ಇನ್ನೂ ನಾಲ್ಕು ತಿಂಗಳಾಗಿಲ್ಲ. ಮನೇಲಿ ಕಾಲು ಚಾಚಿ ಕೂತ್ಕೋತೀನಿ ಅಂದರೆ, ತಂಗಿಯಾದವಳು ಮತ್ತೆ ರೈಲಿಗೇ ಎಳ್ಕೊಂಡು ಬಂದಿದಾಳೆ. ಅದೂ ಮೋಜಿಗೆ! ಎಲ್ಲಿಗೂ ಹೋಗದ ರೈಲು. ಬೆಳಗ್ಗೆ ಹೊರಟು, ಬೆಟ್ಟ ಸುತ್ತಿ, ಸಾಯಂಕಾಲ ಹೊರಟಲ್ಲಿಗೇ ವಾಪಸ್ಸು. ಇದಕ್ಕಿಂತ ನಮ್ಮನೆ ಗೇಟಿಂದ ಹಿತ್ತಲಿಗೆ ಹತ್ತು ಸಲ ಓಡಾಡಿದ್ದರೆ ಸಾಕಾಗಿತ್ತು.

ಏನು ನಗ್ತಿದೀಯಾ? ನಾನು ಸುಳ್ಳು ಹೇಳ್ತಿದೀನಾ?

ಆ ಟೋಪಿಯವನನ್ನ ನೋಡು. ಹತ್ತಿದಾಗಿಂದ ಕ್ಯಾಮೆರಾ ಕಣ್ಣಿಂದ ಇಳಿಸಿಲ್ಲ. ಬೆಟ್ಟ ಬಂತು, ಟಕ್. ಕುರಿ ಬಂತು, ಟಕ್. ಏನೂ ಬರಲಿಲ್ಲ, ಆಗಲೂ ಟಕ್! ಅವನ ಹೆಂಡತಿ ಪಕ್ಕದಲ್ಲೇ ಗೊರಕೆ ಹೊಡೀತಿದಾಳೆ, ಪಾಪ, ಅವಳದೇ ಸುಖ... ಹಾ? ಮೆಲ್ಲಗೆ ಮಾತಾಡಬೇಕಾ? ಕೇಳಿಸಿದರೆ ಕೇಳಿಸಲಿ ಬಿಡು. ಇಡೀ ಸ್ಟೇಷನ್ನಿಗೆ ಕೇಳೋ ಹಾಗೆ ಮಾತಾಡಿದ ಬಾಯಿ ಇದು, ಈ ವಯಸ್ಸಲ್ಲಿ ಪಿಸುಗುಟ್ಟೋದು ಎಲ್ಲಿ ಕಲೀಲಿ?

ಮೇಲೆ ಗಾಜು, ಪಕ್ಕಕ್ಕೆ ಗಾಜು. ಒಂದು ಕಿಟಕಿನೂ ತೆಗೆಯೋಕೆ ಬರಲ್ಲ. ಉಪ್ಪಿನಕಾಯಿ ಭರಣಿಯಲ್ಲಿ ಕೂರಿಸಿದ ಹಾಗೆ ಕೂರಿಸಿದಾರೆ, ಮೇಲಿಂದ ಬಿಸಿಲು ಬೇರೆ. ನೆನಪಿದೆಯಾ, ಚಿಕ್ಕವಳಿದ್ದಾಗ ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕಣ್ಣಿಗೆ ಕಲ್ಲಿದ್ದಲ ಪುಡಿ ಬೀಳಿಸ್ಕೊಂಡು ಬೊಬ್ಬೆ ಹೊಡೀತಿದ್ದೆ? ಅಮ್ಮ ಕರವಸ್ತ್ರದ ತುದಿಗೆ ಊದಿ ಊದಿ, ಬಿಸಿ ಮಾಡಿ ಕಣ್ಣಿಗೆ ಒತ್ತುತ್ತಿದ್ದಳು. ಕಣ್ಣು ಸರಿಹೋದ ತಕ್ಷಣ ಮತ್ತೆ ತಲೆ ಹೊರಗೆ! ಅಂಥ ರೈಲುಹುಚ್ಚು ನಿನಗೆ. ಆಮೇಲೆ ನೋಡು, ಇಪ್ಪತ್ತೆಂಟು ವರ್ಷ ರೈಲಿನ ಮೆಟ್ಟಿಲು ತುಳಿಯಲಿಲ್ಲ. ಮದುವೆಗೆ ಕರೆದರೂ ಬಸ್ಸು, ಸಾವಿಗೆ ಹೋಗೋದಿದ್ದರೂ ಬಸ್ಸು. ಹೋದ ವಾರ ಹೊಲಿಗೆ ಮಷಿನ್ನಿಂದ ಎದ್ದು ಬಂದು, ಎರಡು ಟಿಕೆಟ್ ನನ್ನ ಮುಂದೆ ಇಟ್ಟು, 'ಅಕ್ಕ, ಹೋಗೋಣ' ಅಂದೆಯಲ್ಲ, ನನಗೆ ಗಾಬರಿನೇ ಆಯ್ತು. ಯಾಕೆ ಅಂತ ಕೇಳಿದರೆ ಬಾಯಿ ಬಿಡಲಿಲ್ಲ. ಈಗಲೂ ಬಿಡ್ತಿಲ್ಲ.

ಹೋಗಲಿ ಬಿಡು. ಇಬ್ಬರೇ ತಾನೇ ನಾವು. ಇಲ್ಲಿ ಕೂತರೂ ಇಬ್ಬರೇ, ಮನೇಲಿ ಕೂತರೂ ಇಬ್ಬರೇ.

ಶ್... ಶ್... ಬಂದಳು ನೋಡು ಮಹಾರಾಣಿ! ಕೇಳಿಸ್ಕೋ. 'ಪ್ರಿಯ ಪ್ರಯಾಣಿಕರೇ, ಇದೀಗ ನಿಮ್ಮ ಬಲಗಡೆ ಸುಂದರವಾದ ಜಲಪಾತ...' ಥೂ! ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದ ಹಾಗಿದೆ ಧ್ವನಿ. ಎಲ್ಲೋ ಒಂದು ರೂಮಲ್ಲಿ ಕೂತು ಒಂದೇ ದಿನ ಎಲ್ಲಾ ಹೇಳಿ, ರೆಕಾರ್ಡ್ ಮಾಡಿ, ಮನೆಗೆ ಹೋಗಿರ್ತಾಳೆ. ರೈಲು ಎಲ್ಲಿದೆಯೋ, ಅವಳೆಲ್ಲಿದಾಳೋ! ಈಗ ತಾನೇ ನಲವತ್ತು ನಿಮಿಷ ಬಯಲಲ್ಲಿ ನಿಲ್ಲಿಸಿದರಲ್ಲ, ಆಗ ಯಾಕೆ ಅಂತ ಹೇಳೋಕೆ ಅವಳಿಗೆ ಬಾಯಿ ಇರಲಿಲ್ಲ... ಅಯ್ಯೋ, ಅಯ್ಯೋ, ನೋಡೇ! ಜಲಪಾತ ಎಡಗಡೆ ಇದೆ! ನಿನ್ನ ಕಡೆ! ಇವರೆಲ್ಲ ದಡಬಡ ಅಂತ ಬಲಗಡೆಗೆ ಓಡಿ ಕಲ್ಲುಬಂಡೆ ಫೋಟೋ ತೆಗೀತಿದಾರೆ! ಟೋಪಿಯವನು... ಅಮ್ಮಾ, ನಕ್ಕು ನಕ್ಕು ಹೊಟ್ಟೆ ನೋವು ಬಂತು.

ಇದೇ ನಾನು ಹೇಳೋದು. ಎಡ ಯಾವುದು ಬಲ ಯಾವುದು ಗೊತ್ತಿಲ್ಲದ ಧ್ವನಿ. ನಮ್ಮ ಕಾಲದಲ್ಲಿ ಹೀಗಿತ್ತಾ? ಸಿಗ್ನಲ್ ಕ್ಯಾಬಿನ್ನಿಂದ ಫೋನ್ ಬರ್ತಿತ್ತು. ಯಾವ ಗಾಡಿ, ಯಾವ ಪ್ಲಾಟ್‌ಫಾರ್ಮ್, ಎಷ್ಟು ಹೊತ್ತಿಗೆ. ಮೊದಲು ರಿಜಿಸ್ಟರಿನಲ್ಲಿ ಬರೀಬೇಕು. ಬರೆದದ್ದನ್ನ ಫೋನಲ್ಲೇ ಅವರಿಗೆ ಓದಿ ಹೇಳಬೇಕು. ಅವರು ಸರಿ ಅಂದ ಮೇಲೆ ಮೈಕಿನ ಗುಂಡಿ ಒತ್ತಬೇಕು. ಕಣ್ಣು ರಿಜಿಸ್ಟರಿನ ಮೇಲೆ, ಬಾಯಿ ಮೈಕಿನ ಹತ್ತಿರ. ತಪ್ಪು ಹೇಗೆ ಬರುತ್ತೆ ಹೇಳು? ಬರೋಕೆ ದಾರಿನೇ ಇಲ್ಲ! ಬೀಳ್ಕೊಡುಗೆ ದಿನ ಸ್ಟೇಷನ್ ಮಾಸ್ಟರ್ ಎಲ್ಲರೆದುರಿಗೆ ಏನಂದರು? 'ಮೂವತ್ಮೂರು ವರ್ಷದಲ್ಲಿ ಈ ಅಮ್ಮನ ನಾಲಿಗೆ ಒಂದೇ ಒಂದು ಸಲವೂ ತಪ್ಪಿಲ್ಲ' ಅಂದರು. ನೀನೇ ಇದ್ದೆಯಲ್ಲ, ಮೂರನೇ ಸಾಲಿನಲ್ಲಿ ಕೂತಿದ್ದೆ. ಒಂದೇ ಒಂದು ಸಲ! ಜ್ವರ ಬಂದಾಗಲೂ ಇಲ್ಲ, ಅಮ್ಮ ಹೋದ ಮಾರನೇ ವಾರವೂ ಇಲ್ಲ. ನಾನು ನಾಲ್ಕು ಅಂದರೆ ನಾಲ್ಕು. ಒಂದು ಅಂದರೆ...

ಏನು?

ಯಾಕೆ ಹಾಗೆ ನೋಡ್ತೀಯಾ? ಜಲಪಾತ ಅಲ್ಲಿದೆ, ನನ್ನ ಮುಖದಲ್ಲಿಲ್ಲ.

ಓ... ಅದಾ. ಅದು ಬೇರೆ ಕಣೇ. ಅದು ನನ್ನ ತಪ್ಪಲ್ಲವಲ್ಲ. ಅವತ್ತೇ ಹೇಳಿದ್ದೆ ನಿನಗೆ. ಕ್ಯಾಬಿನ್ನಿನವರು ಮೊದಲು ನಾಲ್ಕು ಅಂದರು, ಆಮೇಲೆ ಒಂದು ಅಂದರು. ಅವರು ಹೇಳಿದ್ದನ್ನ ನಾನು ಹೇಳಿದೆ. ಆಗುತ್ತೆ ಹಾಗೆ, ರೈಲ್ವೆ ಅಂದಮೇಲೆ... ಏನು? 'ಓದಿ ಹೇಳಬೇಕು' ಅಂದೆನಾ? ಹೌದು, ಓದಿ ಹೇಳಿದೆ. ಅವರು ಸರಿ ಅಂದರು. ನಾಲ್ಕು ಅಂತ ಓದಿದೆ... ಈಗ ಅದೆಲ್ಲ ಯಾಕೆ? ಇಪ್ಪತ್ತೆಂಟು ವರ್ಷ ಆಯ್ತು! ಬಿಸ್ಕತ್ತು ತಗೋ.

ಬೇಡವಾ? ಬೇಡದಿದ್ದರೆ ಬಿಡು.

ಅಷ್ಟಕ್ಕೂ ಯಾರು ಅವನು? ಗಡಿಯಾರ ರಿಪೇರಿಯವನು! ತಿಂಗಳಿಗೊಂದು ಸಲ ಬಂದು ಸ್ಟೇಷನ್ನಿನ ಗಡಿಯಾರಕ್ಕೆ ಎಣ್ಣೆ ಬಿಟ್ಟು ಹೋಗೋನು. ಊರ ಗಡಿಯಾರ ಎಲ್ಲಾ ಸರಿ ಮಾಡೋನು, ತನ್ನ ಕೈಗಡಿಯಾರ ಮಾತ್ರ ಐದು ನಿಮಿಷ ಹಿಂದೆ. ನಾನು ಎಷ್ಟು ಸಲ ಆಡ್ಕೊಂಡಿಲ್ಲ? ನೀನು ಅವನಿಗೆ ಊಟದ ಡಬ್ಬಿ ತಂದುಕೊಡೋಕೆ ಶುರು ಮಾಡಿದ ಮೇಲೂ ಆಡ್ಕೊಂಡೆ. ಅವನೇನು ಮನೆಗೆ ಬಂದು ಮರ್ಯಾದೆಯಾಗಿ ಕೇಳಿದನಾ? ಇಲ್ಲ. ಹಿಂದಿನ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬರ್ತಾನಂತೆ, ನೀನು ನಮ್ಮ ಸ್ಟೇಷನ್ನಿನಲ್ಲಿ ಹತ್ತಬೇಕಂತೆ! ಎರಡು ನಿಮಿಷದ ನಿಲುಗಡೆ. ಅಷ್ಟರಲ್ಲಿ ಒಂದು ಜನ್ಮ ಹತ್ತಿಸ್ಕೊಂಡು ಹೋಗೋ ಪ್ಲಾನು! ಹತ್ತಲಿಲ್ಲ ಅಂದಮೇಲೆ ಇಳಿದು ಬಂದನಾ ಪುಣ್ಯಾತ್ಮ? ಒಂದು ಪತ್ರ ಹಾಕಿದನಾ? ನೀನೂ ಹಾಕಲಿಲ್ಲ. ಅವನು ಇವಳಿಗೆ ಮನಸ್ಸಿಲ್ಲ ಅಂದ್ಕೊಂಡ, ನೀನು ಅವನು ಕಾಯಲಿಲ್ಲ ಅಂದ್ಕೊಂಡೆ. ಇಬ್ಬರದೂ ಬಿಗುಮಾನ. ಅದಕ್ಕೆ ನಾನೇನು ಮಾಡಲಿ?

ನೀನಾದರೂ ಅಷ್ಟು ಪೆದ್ದಿಯಾಗಬಾರದಿತ್ತು. ಹತ್ತು ಇಪ್ಪತ್ತರ ಪ್ಯಾಸೆಂಜರ್ ಹುಟ್ಟಿದಾಗಿಂದ ಒಂದನೇ ಪ್ಲಾಟ್‌ಫಾರ್ಮಿಗೇ ಬರೋದು. ದಿನಾ ಓಡಾಡೋ ಜನ ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಯಾರೋ ಒಬ್ಬ ಸೋಪಿನ ವ್ಯಾಪಾರಿ ಓಡಿದ, ನೀನು ಓಡಿದೆ. ಸೇತುವೆ ಮೆಟ್ಟಿಲು ಹತ್ತಿದ್ದೇ ಹತ್ತಿದ್ದು, ಆ ಹಳದಿ ಕೊಡೆ ಬಗಲಲ್ಲಿ ಇಟ್ಕೊಂಡು, ಚೀಲ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸ್ತಾ, ಮಧ್ಯೆ ಒಂದು ಸಲ ನಿಂತು ಚಪ್ಪಲಿ...

ಯಾರು ಹೇಳಿದರು ಅಂದರೆ... ನೀನೇ ಹೇಳಿದ್ದೆಯಲ್ಲ?

ಹೇಳಿರಲಿಲ್ವಾ?

ಕೊಡೆ ವಿಷಯ ಹೇಳಿದ್ದೆ ಕಣೇ. ಅವತ್ತು ಸಾಯಂಕಾಲ... ಅಡುಗೆಮನೇಲಿ ಕೂತು... ಇಲ್ಲ. ಅವತ್ತು ನೀನು ಒಂದೇ ಮಾತು ಹೇಳಿದ್ದು. 'ಅಕ್ಕನ ಧ್ವನಿ ಅಂತ ಹೋದೆ.' ಅಷ್ಟೇ. ಹೌದು. ಅಷ್ಟೇ ಹೇಳಿದ್ದು. ನಾನು, 'ಅಯ್ಯೋ, ನೀನು ಸ್ಟೇಷನ್ನಿಗೆ ಬಂದಿದ್ದೇ ನನಗೆ ಗೊತ್ತಿಲ್ಲವಲ್ಲೇ' ಅಂದಿದ್ದೆ.

ಗುಬ್ಬಿ, ಏನಾದರೂ ಮಾತಾಡು. ಬೈಯೋದಿದ್ದರೆ ಬೈದುಬಿಡು.

ನೋಡು, ಅಮ್ಮನ ಸ್ಥಿತಿ ಹೇಗಿತ್ತು? ಹಾಸಿಗೆಯಿಂದ ಏಳ್ತಿರಲಿಲ್ಲ. ಮಗ್ಗುಲು ಬದಲಿಸೋಕೂ ಒಬ್ಬರು ಬೇಕು. ನನಗೆ ಮೂರು ಪಾಳಿ ಕೆಲಸ. ಯಾರು ನೋಡ್ಕೋತಿದ್ದರು?... ಹೌದು, ಅಮ್ಮ ಎರಡೇ ವರ್ಷಕ್ಕೆ ಹೋದಳು. ಗೊತ್ತು. ಆಮೇಲಿನ ಇಪ್ಪತ್ತಾರು ವರ್ಷಕ್ಕೆ ಅಮ್ಮನ ಹೆಸರು ಹೇಳೋಕಾಗಲ್ಲ, ಅದೂ ಗೊತ್ತು.

ನನಗೆ ಭಯ ಆಯ್ತು ಕಣೇ. ಮೈಕಿನ ರೂಮಿನ ಕಿಟಕಿಯಿಂದ ನೋಡಿದೆ. ಒಂದನೇ ಪ್ಲಾಟ್‌ಫಾರ್ಮಿನ ಗಡಿಯಾರದ ಕೆಳಗೇ ನಿಂತಿದ್ದೆ, ಚೀಲ, ಹೊಸ ಕೊಡೆ ಹಿಡ್ಕೊಂಡು. ಅವನ ಜೊತೆ ಹೊರಟಿದೀಯಾ ಅಂತ ನೋಡಿದ ಕೂಡಲೇ ಗೊತ್ತಾಯ್ತು. ನಿನ್ನ ಮುಖದಲ್ಲಿ ಅಂಥ ಕಳೆ ನಾನು ಯಾವತ್ತೂ ನೋಡಿರಲಿಲ್ಲ. ಒಂದು ಸಲ ನನ್ನ ಕಿಟಕಿ ಕಡೆ ನೋಡಿದೆ. ಮನೆಗೆ ಹೋಗಿ ಬಾಗಿಲು ತೆಗೆದರೆ ಅಮ್ಮ, ನಾನು, ಆ ಗೋಡೆಗಳು... ರಿಜಿಸ್ಟರಿನಲ್ಲಿ ಒಂದು ಅಂತಲೇ ಬರೆದಿದ್ದೆ. ನನ್ನ ಕೈಯಲ್ಲೇ. ಗುಂಡಿ ಒತ್ತಿ ನಾಲ್ಕು ಅಂದೆ. ನೀನು ಆ ಕಡೆ ಇಳಿಯೋವರೆಗೂ ನೋಡ್ತಾ ಕೂತಿದ್ದೆ. ಇಳಿದ ಮೇಲೆ ಸರಿಮಾಡಿ ಹೇಳಿದೆ. ಎರಡು ಸಲ ಹೇಳಿದೆ, ನಿಯಮದ ಪ್ರಕಾರ.

ನಲವತ್ತೆರಡು ಮೆಟ್ಟಿಲು ಹತ್ತಿ ನಲವತ್ತೆರಡು ಇಳೀಬೇಕು. ಎರಡು ನಿಮಿಷದಲ್ಲಿ ಆಗಲ್ಲ. ನನಗೆ ಗೊತ್ತಿತ್ತು.

ಆಯ್ತು, ಹೇಳಿದೆ. ಹೇಳಿಬಿಟ್ಟೆ. ಇನ್ನೇನು ಬೇಕು ನಿನಗೆ? ಇದಕ್ಕೇನಾ ನನ್ನನ್ನ ಈ ದರಿದ್ರ ಗಾಜಿನ ಡಬ್ಬಿಗೆ ಕರ್ಕೊಂಡು ಬಂದದ್ದು?... ತಲೆ ಅಲ್ಲಾಡಿಸ್ತೀಯಾ. ಅಲ್ಲವಾ? ಮತ್ತೆ? ಸುಮ್ಮನೆ... ಅಕ್ಕನ ಜೊತೆ ಒಂದು ದಿನ ಹೋಗಿಬರೋಣ ಅಂತ? ಅಷ್ಟೇನಾ? ನಿನಗೆ ಏನೂ ಗೊತ್ತಿರಲಿಲ್ವಾ? ಇಷ್ಟು ವರ್ಷ ಕ್ಯಾಬಿನ್ನಿನವರದೇ ತಪ್ಪು ಅಂತ ನಂಬಿದ್ದೆಯಾ?

ಅಯ್ಯೋ ದೇವರೇ.

ನೋಡು, ಮತ್ತೆ ಶುರು ಮಾಡಿದಳು ಮಹಾರಾಣಿ. 'ಹತ್ತು ನಿಮಿಷಗಳ ನಿಲುಗಡೆ...' ಸರಿ, ಬಾ, ಇಳಿದು ಕಾಲು ಆಡಿಸೋಣ. ಬೇರೆ ಚಹಾ ಕುಡಿಯೋಣ, ಇಲ್ಲಿ ಚೆನ್ನಾಗಿದ್ದರೂ ಇರಬಹುದು... ಚೀಲ ಯಾಕೆ ಕೆಳಗೆ ತೆಗೀತಿದೀಯಾ? ಹತ್ತೇ ನಿಮಿಷ ಕಣೇ, ಮತ್ತೆ ಇಲ್ಲಿಗೇ ಬರೋದು. ಚೀಲ ಇಲ್ಲೇ ಇರಲಿ. ಗುಬ್ಬಿ! ಈ ಊರಲ್ಲಿ ನಿನಗೆ ಯಾರಿದಾರೆ? ಮನೆಗೆ ಹೋಗೋಕೆ ಬಸ್ಸಾದರೂ ಇದೆಯೋ ಇಲ್ಲವೋ...

ಸರಿ, ಇಳಿ. ಇಳೀಬೇಕಾದರೆ ಇಳಿ. ಆದರೆ ಆ ಕಡೆ ಹೋಗಬೇಡ, ಆ ಕಡೆ ಬರೀ ಹಳಿ. ಪ್ಲಾಟ್‌ಫಾರ್ಮ್ ಎಡಗಡೆ ಇದೆ. ನಾನು ನೋಡಿದೆ. ಎಡಗಡೆ ಬಾಗಿಲಿಗೆ ಹೋಗು... ಕೇಳಿಸ್ತಾ? ನಾನು ಹೇಳ್ತಿದೀನಲ್ಲ, ಎಡಗಡೆ...

ಗುಬ್ಬಿ? ಯಾವ ಕಡೆ ಅಂತ ಆ ಟೋಪಿಯವನನ್ನ ಯಾಕೆ ಕೇಳ್ತಿದೀಯಾ?