ಹೊಸ್ತಿಲ ಮೇಲಿನ ಹೆಂಗಸು

ಆದವಾನಿ ರೈಲು ನಿಲ್ದಾಣದಲ್ಲಿ, ೧೯೩೮ರ ಮಾಘಮಾಸದಲ್ಲಿ, ನನ್ನ ಪಕ್ಕದ ಬೆಂಚಿನಿಂದ ಕೇಳಿಬಂದ ಮಾತುಗಳಿವು. ವೀರಬಸಮ್ಮನವರು ಸೊಸೆ ಹೂವಮ್ಮನನ್ನು ತವರಿನಿಂದ ಚಿಪ್ಪಗಿರಿಗೆ ಕರೆದೊಯ್ಯುತ್ತಿದ್ದರು. ಸೊಸೆ ಕೌದಿಯ ನಡುವೆ ಬಣ್ಣದ ಬಟ್ಟೆತುಂಡುಗಳಿಂದ ಒಂದು ಮನೆಯನ್ನೂ ಅದರ ಹೊಸ್ತಿಲ ಮೇಲೆ ಒಬ್ಬ ಹೆಂಗಸನ್ನೂ ಹೊಲಿಯುತ್ತಿದ್ದಳು.

“ಇಕಿ ಒಳಗ ಬರಾಕತ್ತಾಳೋ, ಹೊರಗ ಹೊಂಟಾಳೋ?”

“ಎರಡೂ ರೀ, ಅತ್ತಿ.”

“ಎರಡೂ ಹೆಂಗಬೇ? ಕೌದಿ ಬಿಸಿಲಿಗೆ ಹಾಕಿದಾಗ ಓಣಿ ಮಂದಿ ನೋಡಿ, ಸೊಸಿ ಓಡಿಹೊಂಟಾಳ ಅಂತಾರ. ಮಾರಿ ಒಳಗ ತಿರುಗಿಸು.”

“ತಿರುಗಿಸಿದ್ರ, ನಾಳೆ ನಮ್ಮವ್ವ ಬಂದಾಗ ಆಕಿಗೆ ನನ್ನ ಬೆನ್ನು ಕಾಣತೈತಿ. ಅಳತಾಳ್ರಿ.”

ವೀರಬಸಮ್ಮನವರು ಎಲೆಯಡಿಕೆ ಅಗಿದು ಮುಗಿಸುವವರೆಗೂ ಯೋಚಿಸಿದರು.

“ಹಂಗಾರ ಒಳಗ ನನ್ನ ಹೊಲಿ. ‘ಬಾ’ ಅಂತ ಕೈಮಾಡಿ ಕರದಂಗ. ಆಮ್ಯಾಲೆ ಯಾರೂ ಏನೂ ಅನ್ನಂಗಿಲ್ಲ.”

“ನಿಮಗಾಗೂವಷ್ಟು ಜಾಗ ಇಲ್ರಿ.”

“ತೆಳ್ಳಗ ಹೊಲೀಬೇ!”

ಅಷ್ಟರಲ್ಲಿ ಗುಂತಕಲ್ ಕಡೆಯ ಗಾಡಿ ಬಂತು. ಅತ್ತೆ ಹತ್ತಿ ಒಳಗೆ ಹೋದರು. ಹೂವಮ್ಮ ಡಬ್ಬಿಯ ಬಾಗಿಲಲ್ಲೇ ನಿಂತು ತವರೂರಿನತ್ತ ನೋಡುತ್ತಿದ್ದಳು. ಗಾಡಿ ಕದಲಿದಾಗ ಒಳಗಿನಿಂದ ಬಳೆ ತುಂಬಿದ ಕೈಯೊಂದು ಬೀಸಿ ಕರೆಯಿತು.

“ಸಾಕಾಗೂತನಕ ನೋಡಿ ಬಾರಬೇ. ಇಲ್ಲಿ ಇಬ್ಬರಿಗೂ ಜಾಗ ಐತಿ.”